ಪ್ಲಗ್ ಕಾಯ್ದ ಅಮಾವಾಸ್ಯೆ

ಮಾರ್ಚ್ 2, 2026, ಸೋಮವಾರ

ನಮ್ಮ ಕೋಲ್ಡ್ ಸ್ಟೋರೇಜಿನ ಸಾಹುಕಾರರು ಕೊನೆಗೂ ಒಪ್ಪಿದರು. ನಮ್ಮ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಲು ಒಂದು ಇಡೀ ಹಗಲು ಕೊಟ್ಟಿದ್ದಾರೆ. ಮಾರ್ಚ್ 18, ಅಮಾವಾಸ್ಯೆ. ಇಷ್ಟನ್ನು ಪಡೆಯಲು ಎರಡು ತಿಂಗಳು ಹಿಡಿಯಿತು, ಚಹಾ ಎಷ್ಟು ಹಿಡಿಯಿತೋ ನೆನಪಿಲ್ಲ.

ಅಮಾವಾಸ್ಯೆ ಎಂದಕೂಡಲೇ ಸಂಗನಬಸವ ಸಾಹುಕಾರರ ಹುಬ್ಬು ಮೇಲೇರಿತ್ತು. "ಏನ್ರಿ ಆಚಾರ್ರ, ಪಂಚಾಂಗದ ಮನಿತನದಾವ್ರು ನೀವು, ಅಮಾಸಿ ದಿನ ಹೊಸಾ ಕೆಲಸಕ್ಕ ಕೈ ಹಚ್ತೀರಿ?"

ಅವತ್ತು ಹಮಾಲರು ಬಾಕ್ಸು ಮುಟ್ಟುವುದಿಲ್ಲ, ಗೇಟು ತೆರೆಯುವುದಿಲ್ಲ, ತಿಂಗಳಲ್ಲಿ ಕಂಪ್ಯೂಟರನ್ನು ಯಾರೂ ಏನೂ ಕೇಳದ ದಿನ ಅದೊಂದೇ ಎಂದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ ಒಂದು ದಾರಿ ಹುಡುಕಿದರು. "ಅಮಾಸಿ ಎಂಟೂವರಿ ಸುಮಾರಕ್ಕ ಹತ್ತತೈತಿ. ಅದಕ್ಕ ಮೊದಲ ಸುರು ಮಾಡಿ ಬಿಡ್ರಿ. ಮರುದಿನ ಪಾಡ್ಯಾ. ಹೊಸಾದ್ರ ಮೊದಲ ಬಾಕ್ಸಿನ ಚೀಟಿ ಪಾಡ್ಯಾ ದಿನ ತೆಗೀರಿ." ಹೀಗೆ ನನ್ನ ಡೇಟಾಬೇಸಿಗೆ ಮುಹೂರ್ತ ಕೂಡಿಬಂತು.

ಮನೆಯಲ್ಲಿ ಹೆಂಡತಿ ಮೃಣಾಲ ಸುದ್ದಿ ಕೇಳಿ, "ಹಂಗಾದ್ರ ಈ ಅಮಾವಾಸ್ಯಿಗೂ ಬಬಲೇಶ್ವರಕ್ಕ ಬರೂದಿಲ್ಲ ಅಂದಂಗಾತು. ಅಕ್ಕ ಒಂಬತ್ತು ವರ್ಷದಿಂದ ಊಟಕ್ಕ ಕರೀಲಿಕ್ಕತ್ತಾಳ," ಎಂದಳು. ನಾನು ಅವಳಿಗೆ ತಾಳ್ಮೆಯಿಂದ ತಿಳಿಸಿ ಹೇಳಿದೆ. ತಿಕೋಟಾದ ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ನಲವತ್ತು ಸಾವಿರ ಬಾಕ್ಸು ಒಣದ್ರಾಕ್ಷಿ ಇವೆ. ಎಲ್ಲ ಬಾಕ್ಸೂ ಒಂದೇ ಥರ. ಯಾವುದು ಯಾವ ರೈತರದು, ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬುದು ಗೊತ್ತಿರುವುದು ಇಲ್ಲಿ ಅಥಣಿ ರಸ್ತೆಯ ಕಚೇರಿಯ ಯಂತ್ರಕ್ಕೆ. ಅದು ಪ್ರೈಮರಿ. ಅದು ಬರೆದದ್ದನ್ನೆಲ್ಲ ಆಗಿಂದಾಗ ನಕಲು ಮಾಡಿಕೊಳ್ಳುವ ಇನ್ನೊಂದು ಯಂತ್ರ ತಿಕೋಟಾದಲ್ಲಿದೆ. ಅದು ಸ್ಟ್ಯಾಂಡ್‌ಬೈ. ಭಜನೆಯಲ್ಲಿ ಮುಂದೆ ಹೇಳುವವನ ಗಂಟಲು ಕಟ್ಟಿದರೆ ಹಿಂದೆ ಹೇಳುವವನು ಪದ ಎತ್ತಿಕೊಳ್ಳುತ್ತಾನಲ್ಲ, ಹಾಗೆ. ಎರಡೂ ಕೈಕೊಟ್ಟರೆ ಯಾರ ದ್ರಾಕ್ಷಿ ಯಾರದೋ ದೇವರೇ ಬಲ್ಲ. ಇದನ್ನೆಲ್ಲ ನೋಡಿಕೊಳ್ಳಲು ನಾನೊಬ್ಬನೇ ಇದ್ದೇನೆ.

"ತನ್ನ ಕೋಳಿ ಕೂಗಿದ್ರನ ಊರಿಗೆ ಬೆಳಗಾಗ್ತದ ಅಂತ ತಿಳಕೊಂಡಿದ್ಳಂತ ಮುದುಕಿ," ಎಂದಳು ಮೃಣಾಲ. "ಆಕಿ ಕಡೆ ಕೋಳಿಯರೆ ಇತ್ತು."

ಮಾರ್ಚ್ 4, ಬುಧವಾರ

ನಲವತ್ತೊಂದು ಹೆಜ್ಜೆಗಳ ಪಟ್ಟಿ ಸಿದ್ಧ. ಇಂಗ್ಲಿಷಿನಲ್ಲಿ, ನನ್ನ ಕೈಬರಹದಲ್ಲಿ, ನನಗಷ್ಟೇ ಓದಲು ಬರುವ ಹಾಗೆ. ನನ್ನ ಸಹಾಯಕಿ ಶೈಲಾ ಒಂದು ಪ್ರತಿ ಕೇಳಿದಳು. ಮೂರು ವರ್ಷದಿಂದ ಇದ್ದಾಳೆ, ಚುರುಕು ಹುಡುಗಿ. ಆದರೆ ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುವ ಚಟ. ನಿನಗೆ ತಿಳಿಯುವುದಿಲ್ಲ ಬಿಡು ಎಂದೆ.

"ಪಾಸ್‌ವರ್ಡ್ ಸುದ್ದಾ ನಿಮಗೊಬ್ಬರಿಗೇ ಗೊತ್ತೈತ್ರಿ ಸರ್. ನೀವು ಎಲ್ಲರೆ ಹ್ವಾದ್ರ?"

"ಗೋಳಗುಮ್ಮಟ ಎಲ್ಲಿಗೆ ಹೋಗ್ತದ? ನಾನೂ ಅಲ್ಲಿಗೇ ಹೋಗ್ತೇನಿ," ಎಂದೆ. ಮಾತು ನನಗೇ ಬಹಳ ಹಿಡಿಸಿತು. ಸಂಜೆ ಮೃಣಾಲಳಿಗೂ ಹೇಳಿದೆ. ಅವಳು ನಗಲಿಲ್ಲ.

ಇಲ್ಲಿ ಬರೆದಿಡಬೇಕಾದ ಇನ್ನೊಂದು ಸಂಗತಿ. ತಿಕೋಟಾದ ಯಂತ್ರ ಪ್ರತಿ ಅಮಾವಾಸ್ಯೆಗೂ ಸ್ವಲ್ಪ ಹೊತ್ತು ಬಂದ್ ಆಗುತ್ತದೆ. ಅಲ್ಲಿಯ ಮೇಲ್ವಿಚಾರಕ ಗುರುಪಾದಯ್ಯನವರು ಕೋಣೆ ತೊಳೆದು, ಎಲ್ಲ ಯಂತ್ರ ನಿಲ್ಲಿಸಿ, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಆಗೆಲ್ಲ ನನ್ನ ಫೋನಿನಲ್ಲಿ ಎಚ್ಚರಿಕೆಯ ಗಂಟೆ ಹೊಡೆದುಕೊಂಡು ತಲೆ ತಿನ್ನುತ್ತಿತ್ತು. ಜನವರಿಯಲ್ಲಿ ಒಂದು ಉಪಾಯ ಮಾಡಿದೆ. ವರ್ಷದ ಅಮಾವಾಸ್ಯೆಗಳನ್ನೆಲ್ಲ ನನ್ನ ಪ್ರೋಗ್ರಾಮಿಗೆ ತುಂಬಿ, ಆ ದಿನಗಳಲ್ಲಿ ಗಂಟೆ ಹೊಡೆಯದಂತೆ ಮಾಡಿದೆ. ಪಂಚಾಂಗ ಬಲ್ಲ ಪ್ರೋಗ್ರಾಂ ಈ ಜಿಲ್ಲೆಯಲ್ಲಿ ನನ್ನದೊಂದೇ ಇರಬೇಕು.

ಮಾರ್ಚ್ 6, ಶುಕ್ರವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಿದ್ದೆ. ಸ್ಕೂಟರ್. ಗೋಳಗುಮ್ಮಟದ ಎದುರೇ. ಬಲ ಮುಂಗೈ ಮುರಿದಿದೆ. ಐದು ವಾರ ಪ್ಲಾಸ್ಟರ್.

ಮೃಣಾಲ ಈಗ ನಕ್ಕಳು.

ಮಾರ್ಚ್ 7, ಶನಿವಾರ

ಟಾಂಗಾದ ಕುದುರೆಗೆ ಹಾರ್ನ್ ಹೊಡೆದೆ. ಕುದುರೆ ಹೆದರಲಿಲ್ಲ, ತಿರುಗಿ ನನ್ನನ್ನು ನೋಡಿತು. ಹೆದರಿದವನು ನಾನು.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೈಯ ಚಿಂತೆ ಹತ್ತಲಿಲ್ಲ. ಕೈಯ ಬದಲು ತಲೆ ಬಡಿದಿದ್ದರೆ ಪಾಸ್‌ವರ್ಡ್ ಗತಿ ಏನು ಎಂದು ಬೆವರಿದೆ. ಮಲಗಿದಲ್ಲೇ ಶೈಲಾಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ನನ್ನ ಹೆಸರೇ ಪಾಸ್‌ವರ್ಡ್, ಕೂಗಿ ಹೇಳಬೇಕಾಯಿತು: "ಸುಶೀಲೇಂದ್ರ! ಎಸ್ ದೊಡ್ಡದು! ಆಮ್ಯಾಲ ನಂಬರ್ ಒನ್!"

ವಾರ್ಡಿನ ಎಲ್ಲರೂ ನನ್ನತ್ತ ನೋಡಿದರು. ಪಕ್ಕದ ಹಾಸಿಗೆಯ ಮುದುಕ ಕೈಮುಗಿದು, "ಹೌದ್ರಿ ಯಪ್ಪಾ, ನೀವಽ ನಂಬರ್ ಒನ್. ಸುಮ್ನ ಮಲಕೋರಿ," ಎಂದ.

ಮಾರ್ಚ್ 9, ಸೋಮವಾರ

ಎಡಗೈ ಪಳಗುತ್ತಿದೆ. ಇಂದಿನದನ್ನು ಬರೆಯದೆ ಇರಲಾರೆ.

ನನ್ನ ಕೈ ನಡೆಯದ್ದರಿಂದ ಕೆಲಸಕ್ಕೆ ಶೈಲಾಳೇ ಕೂರಬೇಕು, ನಾನು ಬಾಯಲ್ಲಿ ಹೇಳಬೇಕು. ತಾಲೀಮು ಶುರುಮಾಡಿದೆವು. ಹದಿನಾರು ಹೆಜ್ಜೆಗೆ ಹದಿನಾರು 'ಯಾಕ್ರಿ ಸರ್' ಆಯಿತು. ಹದಿನೇಳನೆಯದು, ಪರದೆಯಲ್ಲಿ ತಿಕೋಟಾದ ಹಸಿರು ದೀಪ ನೋಡು.

"ಸರ್, ಈ ಹಸಿರು ದೀಪ ಅಂದ್ರ ಅಲ್ಲಿ ಮಶೀನು ಜೀವಂತ ಐತಿ ಅಂತನೋ, ನಾವು ಬರದದ್ದು ಅದಕ್ಕ ಮುಟ್ಟಾಕತ್ತೈತಿ ಅಂತನೋ?"

"ಎರಡೂ ಒಂದ."

"ಒಂದ ಹೆಂಗ್ರಿ? ನಮ್ಮ ದೊಡ್ಡಪ್ಪನೂ ಜೀವಂತ ಅದಾನ. ಕಿವಿ ಕೇಳಿಸೂದಿಲ್ಲ."

ಸಿಟ್ಟು ಬಂತು. ನೋಡಿಕೋ ಹೋಗು ಎಂದೆ. ಅವಳು ತಿಕೋಟಾದ ಯಂತ್ರದ ಕೊನೆಯ ದಾಖಲೆ ತೆಗೆದಳು. ಫೆಬ್ರುವರಿ 17, ಬೆಳಿಗ್ಗೆ ಒಂಬತ್ತು ನಲವತ್ತು. ಹಿಂದಿನ ಅಮಾವಾಸ್ಯೆ.

ಇಪ್ಪತ್ತು ದಿನದಿಂದ ನನ್ನ ಸ್ಟ್ಯಾಂಡ್‌ಬೈ ಕಿವುಡಾಗಿ ಕೂತಿದೆ, ಹಸಿರು ದೀಪ ಹಚ್ಚಿಕೊಂಡು. ಈ ಇಪ್ಪತ್ತು ದಿನದಲ್ಲಿ ಬಂದ ಬಾಕ್ಸುಗಳ ಗುರುತು ಇರುವುದು ಒಂದೇ ಒಂದು ಹಳೆಯ ಡಿಸ್ಕಿನಲ್ಲಿ, ನನ್ನ ಬೆನ್ನ ಹಿಂದೆ. ಶೈಲಾ ಕೇಳದಿದ್ದರೆ ಹದಿನೆಂಟನೇ ತಾರೀಖು ನಾನು ಈಜು ಬಾರದವನ ಹಾಗೆ, ತೇಲಲು ಬೆನ್ನಿಗೆ ಕುಂಬಳಕಾಯಿ ಕಟ್ಟಿಕೊಳ್ಳದೆ ಬಾವಿಗೆ ಹಾರುತ್ತಿದ್ದೆ, ಅದೂ ಪೂರ್ತಿ ಧೈರ್ಯದಿಂದ.

ಭಯವಾಗಿದೆ.

ಮಾರ್ಚ್ 10, ಮಂಗಳವಾರ

ಗುರುಪಾದಯ್ಯನವರನ್ನು ಬೈಯಲೆಂದೇ ತಿಕೋಟಾಕ್ಕೆ ಹೋದೆ. ಬೈಗುಳಗಳನ್ನು ಬಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದೆ.

ಅವರು ಮುಚ್ಚಿಡಲಿಲ್ಲ. "ಹೌದ್ರಿ, ಹ್ವಾದ ಅಮಾಸಿಗೆ ಕಾಯಿ ಒಡದಾಗ ನೀರು ಆ ವೈರಿನ ಡಬ್ಬಿಗಿ ಸಿಡೀತು. ಎರಡು ದಿನ ಬಿಸಲಾಗ ಇಟ್ಟಿದ್ವಿ. ಒಣಗಿದ ಮ್ಯಾಲ ಹಚ್ಚೇವಿ. ದೀಪ ಹತ್ತಿತು, ಸರಿಯಾತು ಅಂದ್ಕೊಂಡ್ವಿ." ಒಣದ್ರಾಕ್ಷಿಯ ಊರಿನಲ್ಲಿ ಏನೇ ಒದ್ದೆಯಾದರೂ ಬಿಸಿಲಿಗಿಡುತ್ತಾರೆ. ಇಲ್ಲಿ ಬರೆದದ್ದನ್ನು ಅಲ್ಲಿಗೆ ಮುಟ್ಟಿಸುವ ಡಬ್ಬಿ ಅದು. ಎರಡು ದಿನ ಏನೂ ಕೇಳಿಸಿಕೊಳ್ಳದ ಯಂತ್ರ, ಆಮೇಲೆ ಕಥೆ ಎಲ್ಲಿಗೆ ಬಂತೆಂದು ತಿಳಿಯದೆ ಸುಮ್ಮನೆ ಕೂತಿದೆ. ಎರಡನೇ ದಿನ ಗಂಟೆ ಹೊಡೆದಿರಬೇಕಲ್ಲ ಎಂದು ಹುಡುಕಿದೆ. ನನ್ನ ಪಂಚಾಂಗದ ಪ್ರೋಗ್ರಾಂ ಅಮಾವಾಸ್ಯೆಯ ದಿನ ಬಾಯಿ ಮುಚ್ಚಿದ್ದು, ಮತ್ತೆ ತೆರೆಯುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವನು ಯಾರು ಎಂದು ಇಲ್ಲಿ ಬರೆಯುವುದಿಲ್ಲ.

ಆದರೂ ದಬಾಯಿಸಿದೆ. "ಅಯ್ಯನವರ, ಅದೇನು ಅಂತ ತಿಳಕೊಂಡೀರಿ ನೀವು?"

"ನೀವ ಹೇಳ್ರಲ್ಲ," ಎಂದರು ಅವರು, ಶಾಂತವಾಗಿಯೇ. "ಒಂಬತ್ತು ವರ್ಷಾತು ಇಟ್ಟು. ಒಂದಿನ ಬಂದು ಇದು ಇಂಥಾದ್ದು ಅಂತ ಹೇಳಿಲ್ಲ ನೀವು. ಏನೋ ದೊಡ್ಡ ಸಾಮಾನು ಇದ್ದೀತು ಅಂತ ನಾ ಪೂಜಿ ಮಾಡ್ಕೋಂತ ಬಂದೇನಿ."

ಬೈಗುಳಗಳನ್ನು ಹಾಗೇ ವಾಪಸ್ ತಂದೆ.

ಮಾರ್ಚ್ 11, ಬುಧವಾರ

ಸಾಹುಕಾರರಿಗೆ ವರದಿ. ತಪ್ಪನ್ನು ತೆಂಗಿನಕಾಯಿಯ ಮೇಲೆ ಹಾಕುವುದೆಂದು ಮನೆಯಲ್ಲಿ ನಿರ್ಧರಿಸಿಕೊಂಡು ಹೋಗಿದ್ದೆ. ಬಾಯಿ ತೆರೆದಾಗ ನನ್ನ ಹೆಸರೇ ಬಂತು. ಪ್ಲಾಸ್ಟರಿನ ನೋವಿಗೆ ಕೊಟ್ಟ ಗುಳಿಗೆಯ ಪರಿಣಾಮ ಇರಬೇಕು.

ಅವರು ದನಿ ಏರಿಸದೆ, "ರೈತರು ನಮ್ಮನ್ನ ನಂಬಿ ಇಟ್ಟಾರ್ರಿ ಆಚಾರ್ರ. ಒಂದು ಬಾಕ್ಸಿನ ಗುರುತು ತಪ್ಪಿದ್ರ ನಾ ಆ ಗೇಟಿಗಿ ಮುಖ ತೋರ್ಸೂದಿಲ್ಲ," ಎಂದರು. ಕೂಗಾಡಿದ್ದರೆ ಚೆನ್ನಾಗಿತ್ತು.

ಮಾರ್ಚ್ 12, ಗುರುವಾರ

ಸ್ಟ್ಯಾಂಡ್‌ಬೈಗೆ ಎಲ್ಲವನ್ನೂ ಮೊದಲಿನಿಂದ ತುಂಬಬೇಕು. ತಂತಿಯ ಮೇಲೆ ಕಳಿಸಿದರೆ ನಮ್ಮ ಲೈನಿನ ವೇಗಕ್ಕೆ ಪಾಡ್ಯ ದಾಟುತ್ತದೆ. ಶೈಲಾ ಹೇಳಿದಳು, "ಡಿಸ್ಕಿನ್ಯಾಗ ತುಂಬ್ಕೊಂಡು ಬಸ್ಸಿಗಿ ಹೋಗೂಣ್ರಿ ಸರ್. ಉಳಿದಷ್ಟನ್ನ ಅದು ತಾನಽ ಎಳ್ಕೊಳ್ಳಾಕ ಬರತೈತಿ."

ಹೋದೆವು. ಡಿಸ್ಕು ಅವಳ ರೊಟ್ಟಿ ಡಬ್ಬಿಯಲ್ಲಿ, ಎರಡು ಅರಿವೆ ಸುತ್ತಿ. ಕಂಡಕ್ಟರ್ ಡಬ್ಬಿಯನ್ನು ಮೇಲಿಡಿ ಎಂದಾಗ ನಾವಿಬ್ಬರೂ ಒಟ್ಟಿಗೆ "ಬ್ಯಾಡ್ರಿ!" ಎಂದು ಚೀರಿದೆವು. ಇಡೀ ಬಸ್ಸು ತಿರುಗಿ ನೋಡಿತು. ಎಷ್ಟು ರುಚಿಯ ರೊಟ್ಟಿಯೋ ಎಂದುಕೊಂಡಿರಬೇಕು.

ತುಂಬುತ್ತಿರುವಾಗ ಗುರುಪಾದಯ್ಯನವರಿಗೆ ಭಜನೆಯ ಕಥೆ ಹೇಳಿದೆ. ಪೂರ್ತಿ ಕೇಳಿ, "ಇದನ್ನ ಮೊದಲ ಹೇಳಿದ್ರ ಕಾಯಿ ಹೊರಗ ಒಡೀತಿದ್ನೆಲ್ರಿ," ಎಂದರು.

ಸಂಜೆ ನಾಲ್ಕಕ್ಕೆ ಅಲ್ಲಿಯ ಅಂಕಿ, ಇಲ್ಲಿಯ ಅಂಕಿ ಎರಡೂ ಒಂದೇ ಆದವು. ಎಲ್ಲಿಯವರೆಗೆ ಬರೆದಿದ್ದೇನೆ ಎಂದು ಯಂತ್ರ ತಾನೇ ಹೇಳುವ ಅಂಕಿ ಅದು. ನನ್ನ ನಲವತ್ತೊಂದರಲ್ಲಿ ಅದು ಇರಲೇ ಇಲ್ಲ. ಶೈಲಾ ನಲವತ್ತೆರಡನೆಯದಾಗಿ ಸೇರಿಸಿದ್ದಾಳೆ. ಕನ್ನಡದಲ್ಲಿ, ದುಂಡಗೆ.

ಮಾರ್ಚ್ 17, ಮಂಗಳವಾರ

ನಾಳೆ ಯಾರು ಎಲ್ಲಿ ಎಂದು ನಿರ್ಧರಿಸಿದೆವು. ಪ್ರೈಮರಿಯ ಮುಂದೆ ಎರಡು ಕೈ ಇರುವವರು ಬೇಕು. ತಿಕೋಟಾದಲ್ಲಿ, ಪ್ರೈಮರಿಯ ಹೊಸ ಅವತಾರ ಸರಿಯಾಗಿ ನಿಲ್ಲುವವರೆಗೂ ಸ್ಟ್ಯಾಂಡ್‌ಬೈಯನ್ನು ಯಾರೂ ಮುಟ್ಟದಂತೆ, ಯಾರೂ ಬಂದ್ ಮಾಡದಂತೆ ಒಬ್ಬರು ಕೂರಬೇಕು. ಅದಕ್ಕೆ ಕೈಯೇ ಬೇಡ.

ಹೀಗಾಗಿ ಹತ್ತೊಂಬತ್ತು ವರ್ಷ ಅನುಭವದ ನಾನು ನಾಳೆ ಒಂದು ಪ್ಲಗ್ ಕಾಯುತ್ತೇನೆ.

ಮಾರ್ಚ್ 18, ಬುಧವಾರ, ಅಮಾವಾಸ್ಯೆ

ಏಳಕ್ಕೇ ತಿಕೋಟಾ ಮುಟ್ಟಿದೆ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪ್ಲಗ್ಗಿನ ಮುಂದೆ ಕೂತೆ.

ಎಂಟೂ ಹತ್ತಕ್ಕೆ ಶೈಲಾ ಅಲ್ಲಿ ಪ್ರೈಮರಿ ನಿಲ್ಲಿಸಿದಳು. ಫೋನಿನಲ್ಲಿ ಅಂಕಿ ಓದಿದಳು, ನಾನು ನನ್ನ ಪರದೆಯ ಅಂಕಿ ಓದಿದೆ. ಒಂದೇ. ಅಲ್ಲಿಂದ ಇಲ್ಲಿಗೆ ಇದ್ದ ಕೊಂಡಿ ಬಿಡಿಸಿದೆವು. ಎಂಟೂ ಇಪ್ಪತ್ತಕ್ಕೆ ಸಾಹುಕಾರರ ಫೋನು: "ಕೈ ಹಚ್ಚಿದ್ರೇನ್ರಿ? ಇನ್ನ ಐದ್ಹತ್ತು ಮಿನಿಟು ಐತಿ." ಹಚ್ಚಿದೆವು ಎಂದೆ.

ಒಂಬತ್ತಕ್ಕೆ ಗುರುಪಾದಯ್ಯನವರು ಬಕೆಟ್ಟು, ಕುಂಕುಮ, ಕಾಯಿ ಹಿಡಿದು ಬಂದರು. ಕಾಯಿ ಹೊರಗೆ ಒಡೆಯಲು ಒಪ್ಪಿದರು, ಆದರೆ ಬಂದ್ ಮಾಡದೆ ಪೂಜೆ ಇಲ್ಲ ಎಂದರು. "ನಡ್ಯೂ ಮಶೀನಿಗಿ ಹೆಂಗ ಪೂಜಿ ಮಾಡ್ಲ್ರಿ?"

"ಅಯ್ಯನವರ, ನಿಮ್ಮ ಪಾದಪೂಜಾ ಮಾಡೋ ಮುಂದ ನಿಮ್ಮ ಉಸಿರು ಬಂದ್ ಮಾಡ್ತಾರೇನು?"

ಅವರು ನನ್ನ ಮುಖ ನೋಡಿದರು, ಯಂತ್ರ ನೋಡಿದರು. "ಅದೂ ಖರೇನ ಬಿಡ್ರಿ." ಯಂತ್ರಕ್ಕೆ ದೂರದಿಂದಲೇ ಕೈಮುಗಿದು, ಕೈಯಲ್ಲಿ ಉಳಿದ ಕುಂಕುಮವನ್ನು ನನ್ನ ಪ್ಲಾಸ್ಟರಿಗೆ ಹಚ್ಚಿದರು.

ಹತ್ತೂ ಐವತ್ತಕ್ಕೆ ಶೈಲಾಳ ಫೋನು. "ಸರ್, ಡಿಸ್ಕು ಹೋತ್ರಿ."

ಅರ್ಧ ಏರಿಸುವಾಗಲೇ ಹಳೆಯ ಡಿಸ್ಕು ಕಟಕಟ ಸದ್ದು ಮಾಡಿ ನಿಂತುಹೋಗಿತ್ತು. ಹಳೆಯದೂ ಇಲ್ಲ, ಹೊಸದೂ ಇಲ್ಲ. ಬಂದೆ, ಈಗಲೇ ಬಸ್ಸು ಹಿಡಿದು ಬಂದೆ ಎಂದು ಎದ್ದೆ.

"ನೀವು ಬಂದು ಏನ್ ಮಾಡ್ತೀರಿ ಸರ್? ಕುಂದರ್ರಿ. ಎಲ್ಲಾ ನೀವು ಕುಂತಲ್ಲೇ ಐತಿ."

ಕೂತೆ. ಅವಳು ಹೇಳಿದಳು, ನಾನು ಎಡಗೈಯ ಒಂದು ಬೆರಳಿನಿಂದ ಬರೆದೆ. ಎರಡು ಸಲ ತಪ್ಪಿದೆ. "ಸಾವಕಾಶ ಬರೀರಿ ಸರ್, ಗಡಬಿಡಿ ಏನಿಲ್ಲ," ಎಂದಳು. ತಿಕೋಟಾದ ಯಂತ್ರವನ್ನೇ ಪ್ರೈಮರಿ ಮಾಡುವ ಕೊನೆಯ ಗುಂಡಿ ಒತ್ತಬೇಕು, ಅಷ್ಟರಲ್ಲಿ ತಡೆದಳು.

"ಯಾಕ?" ಎಂದೆ.

"ಅಕಸ್ಮಾತ್ ಇಲ್ಲಿಂದು ಮತ್ತ ಜೀವ ಹಿಡೀತು ಅಂದ್ರ ಎರಡೆರಡು ಪ್ರೈಮರಿ ಆಕ್ಕಾವ್ರಿ. ಎರಡೂ ತಮ್ಮ ತಮ್ಮ ಲೆಕ್ಕ ಬರೀತಾವ. ಅದಕ್ಕ ಇದರ ವೈರು ಕಿತ್ತು ಕೈಯಾಗ ಹಿಡ್ಕೊಂಡೇನಿ. ಈಗ ಒತ್ತರಿ."

ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಅವಳು ಒಂದು ಪ್ಲಗ್ ಕಿತ್ತು ಹಿಡಿದು ನಿಂತಿದ್ದಳು. ನಾನು ಇನ್ನೊಂದು ಪ್ಲಗ್ ಕಾಯುತ್ತಾ ಕೂತಿದ್ದೆ. ಒತ್ತಿದೆ.

ಪರದೆ ಒಂದು ನಿಮಿಷ ಸುಮ್ಮನಿತ್ತು. ಆಮೇಲೆ ಒಂದು ಸಾಲು ಬಂತು. ತಿಕೋಟಾದ ಯಂತ್ರ ಪದ ಎತ್ತಿಕೊಂಡಿತ್ತು. ನಿನ್ನೆ ಸಂಜೆಯ ಕೊನೆಯ ಬಾಕ್ಸಿನವರೆಗೂ ಎಲ್ಲ ಇತ್ತು. ಗುರುಪಾದಯ್ಯನವರು ಏನಾಯಿತೆಂದು ಕೇಳಿದರು. ಮೊದಲು ನೀರು ಕೊಡಿ ಎಂದೆ. ಅವರು ನೀರು ತಂದುಕೊಟ್ಟರು.

ಮಾರ್ಚ್ 19, ಗುರುವಾರ, ಯುಗಾದಿ

ಏರಿಸುವ ಕೆಲಸ ಆಗಲಿಲ್ಲ. ಹೊಸ ಆವೃತ್ತಿಯ ಮೊದಲ ಚೀಟಿ ತೆಗೆಯಬೇಕಾದ ಮುಹೂರ್ತಕ್ಕೆ ಹಳೆಯದರ ಚೀಟಿಯನ್ನೇ ತೆಗೆದೆವು. ಸಾಹುಕಾರರು ಎಲ್ಲರಿಗೂ ಬೇವು ಬೆಲ್ಲ ಕೊಟ್ಟರು. ನನ್ನ ಪಾಲಿಗೆ ಬೇವೇ ಹೆಚ್ಚು ಬಂತು, ಬೇಕೆಂದೇ ಇರಬೇಕು.

ಮೊದಲು ಬಂದವಳು ಕನಮಡಿಯ ಮುರಿಗೆವ್ವ. ಮಾರ್ಚ್ ಮೂರಕ್ಕೆ ತಂದಿಟ್ಟ ಬಾಕ್ಸುಗಳಲ್ಲಿ ಒಂದನ್ನು ಗುಡಿಯ ಪ್ರಸಾದಕ್ಕೆ ಒಯ್ಯಬೇಕಿತ್ತು. ಚೀಟಿಯಲ್ಲಿ ಮೂರನೇ ಕೋಣೆ, ಏಳನೇ ಸಾಲು ಎಂದಿತ್ತು. ಹಮಾಲ ಒಳಗೆ ಹೋದ. ನಾನು, ಶೈಲಾ, ಸಾಹುಕಾರರು, ಗುರುಪಾದಯ್ಯನವರು ಬಾಗಿಲಲ್ಲೇ ನಿಂತೆವು, ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ. ಬಾಕ್ಸು ಬಂತು. ಮುರಿಗೆವ್ವ ಮೂಲೆಗೆ ತಾನು ಕಟ್ಟಿದ್ದ ಹಸಿರು ದಾರ ಮುಟ್ಟಿ ನೋಡಿ, "ನಂದಽ ಐತಿ ಬಿಡ್ರಿ. ಹಿಂಗ್ಯಾಕ ಎಲ್ಲಾರೂ ಗಾಬ್ರಿಯಾಗಿ ನಿಂತೀರಿ?" ಎಂದಳು.

ಕಣ್ಣು ತುಂಬಿ ಬಂತು. ಕೋಲ್ಡ್ ಸ್ಟೋರೇಜಿನ ತಣ್ಣನೆ ಗಾಳಿ ಎಂದೆ.

ಸಾಹುಕಾರರು ನನ್ನ ಬೆನ್ನು ತಟ್ಟಿ, "ನೋಡ್ರಿ, ಅಮಾಸಿ ಹತ್ತೂಕಿಂತ ಮೊದಲ ಕೈ ಹಚ್ಚಿದ್ದಕ್ಕ ಉಳೀತು," ಎಂದರು. ಅದಕ್ಕಲ್ಲ, ಶೈಲಾ ಹಸಿರು ದೀಪ ನಂಬಲಿಲ್ಲ, ಅದಕ್ಕೆ ಉಳಿಯಿತು ಎಂದೆ. ಅವಳು ಇನ್ನೊಂದು ಕಡೆ ನೋಡುತ್ತಾ ನಿಂತಳು.

ಏಪ್ರಿಲ್ 17, ಶುಕ್ರವಾರ, ಅಮಾವಾಸ್ಯೆ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಬಲಗೈಯಲ್ಲಿ. ಅಕ್ಷರ ಎಡಗೈಯದಕ್ಕಿಂತ ಕೆಟ್ಟದಾಗಿದೆ.

ಅಥಣಿ ರಸ್ತೆಯಲ್ಲಿ ಹೊಸ ಯಂತ್ರ ಬಂದಿದೆ. ಅದೇ ಈಗ ಸ್ಟ್ಯಾಂಡ್‌ಬೈ. ತಿಕೋಟಾದ ಪ್ರೈಮರಿಯನ್ನು ಏರಿಸುವುದು ಇವತ್ತು. ನಲವತ್ತೆರಡು ಹೆಜ್ಜೆಗಳನ್ನು ಶೈಲಾ ಇಪ್ಪತ್ತಾರಕ್ಕೆ ಇಳಿಸಿದ್ದಾಳೆ. ಬಾಕಿ ಹದಿನಾರು ಏನಾದವು ಎಂದು ಕೇಳಿದೆ. "ಅವು ನಿಮ್ಮ ಸಮಾಧಾನಕ್ಕ ಇದ್ದೂರಿ," ಎಂದಳು. ಪಾಸ್‌ವರ್ಡನ್ನೂ ಬದಲಿಸಿ, ಅದನ್ನು ಬರೆದು ಅಂಟಿಸಿದ ಲಕೋಟೆಯೊಂದನ್ನು ನನಗೆ ಕೊಟ್ಟಿದ್ದಳು. ಪ್ಲಗ್ ಕಾಯಲು ಗುರುಪಾದಯ್ಯನವರೇ ಕುರ್ಚಿ ಹಾಕಿಕೊಂಡಿದ್ದಾರಂತೆ, ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಮೊದಲು ನಾನೂ ಹೋಗುವುದೆಂದಿತ್ತು. ಕುರ್ಚಿ ಒಂದೇ ಇರುವುದರಿಂದ ಬಬಲೇಶ್ವರಕ್ಕೆ ಬಂದೆ.

ಮೃಣಾಲಳ ಅಕ್ಕ ಆನಂದೀಬಾಯಿ ಒಂಬತ್ತು ವರ್ಷದ ಹೋಳಿಗೆಯನ್ನು ಒಂದೇ ದಿನ ಮಾಡಿದ್ದರು. ಎಲೆಯ ಪಕ್ಕ ಫೋನಿಟ್ಟುಕೊಂಡು ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಸಲವೂ ಬಾರಿಸಲಿಲ್ಲ. ಫೋನೇ ಕೆಟ್ಟಿರಬೇಕೆಂದು ಮೃಣಾಲಳಿಗೆ ಹೇಳಿ ಅವಳ ಫೋನಿನಿಂದ ಹೊಡೆಸಿದೆ. ಚೆನ್ನಾಗಿಯೇ ಬಾರಿಸಿತು. ಆ ಗಡಿಬಿಡಿಯಲ್ಲಿ ಪಾಯಸದ ಬಟ್ಟಲು ನನ್ನ ಎದೆಯ ಮೇಲೆ.

ಆನಂದೀಬಾಯಿ ಅಂಗಿ ಬಿಚ್ಚಿಸಿಕೊಂಡು ನೀರಿನಲ್ಲಿ ಅದ್ದಿಯೇಬಿಟ್ಟರು. ಲಕೋಟೆ ಜೇಬಿನಲ್ಲಿತ್ತು. ಓಡಿ ಹೋಗಿ ತೆಗೆದು ನೋಡಿದರೆ ನೀಲಿ ನೀರು. ಅವರ ಯಜಮಾನರು ಸದಾಶಿವರಾಯರ ದೊಗಳೆ ಅಂಗಿ ತೊಟ್ಟು, ಅಂಗಳದಲ್ಲಿ ನಿಂತು ಶೈಲಾಗೆ ಫೋನ್ ಮಾಡಿದೆ. ಪಾಸ್‌ವರ್ಡ್ ತೊಯ್ದುಹೋಯಿತು ಎಂದು ತಪ್ಪಿತಸ್ಥನ ಹಾಗೆ ಹೇಳಿದೆ.

"ಇರಲಿ ಬಿಡ್ರಿ ಸರ್. ಇನ್ನೊಂದು ಲಕೋಟಿ ಅಯ್ಯನವರ ಕಡೆ ಐತಿ, ದೇವರ ಫೋಟೋದ ಹಿಂದ. ಕುಂಕುಮ ಹಚ್ಚಿ ಇಟ್ಟಾರ."

"ಮತ್ತ ಕೆಲಸ?"

"ಆತ್ರಿ ಸರ್. ಹತ್ತೂವರಿಗೇ ಆತು. ನಿಮ್ಮ ಊಟ ಕೆಡ್ತೈತಿ ಅಂತ 'ಆತು ಸರ್' ಅಂತ ಬರದು ಹಾಕೇನಿ. ನೋಡಿಲ್ಲೇನು?"

ನೋಡಿರಲಿಲ್ಲ. ಗಂಟೆ ಬಾರಿಸುವುದನ್ನೇ ಕಾಯುತ್ತಿದ್ದವನಿಗೆ ಬರೆದದ್ದು ಎಲ್ಲಿ ಕಾಣಬೇಕು? ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಬರೆಯಲಿ. ಸ್ವಲ್ಪ ಹೊತ್ತು ಆ ಅಂಗಿಯಲ್ಲಿ ಅಂಗಳದಲ್ಲೇ ನಿಂತಿದ್ದೆ. ಮಾಡಲು ಏನೂ ಇರಲಿಲ್ಲ. ಬಿಸಿಲು ಚೆನ್ನಾಗಿತ್ತು.

ಮೃಣಾಲ ಬಾಗಿಲಿಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರಿ, ಇವತ್ತ ಕೋಳಿ ಕೂಗ್ಲೇ ಇಲ್ಲ. ಬೆಳಗಾತೇನು?" ಎಂದಳು.

"ಆತು," ಎಂದೆ. ಒಳಗೆ ಹೋಗಿ ಮತ್ತೆ ಎಲೆಯ ಮುಂದೆ ಕೂತೆ.